ಗುಜರಿ ತೂಕಕ್ಕೆ ಬಂದ 62 ರೆಕಾರ್ಡುಗಳು

ಗಂಗಾವತಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುವ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ, ಹೆಸರು ಬೇಡವೆಂದಿದ್ದಾರೆ. ಅದರ ಸಾರ ಇಷ್ಟು. ಹತ್ತಿರದ ಹಳ್ಳಿಯಲ್ಲಿ ಹಳೆಯ ವಾಡೆಯೊಂದನ್ನು ಕೆಡವುವ ಮೊದಲು, ಅಲ್ಲಿ ಒಬ್ಬರೇ ಇದ್ದ ಅಜ್ಜಿ ಅಟ್ಟದ ಸಾಮಾನುಗಳನ್ನೆಲ್ಲ ಗುಜರಿಗೆ ಹಾಕಲು ಹೊರಟಿದ್ದರು. ಇವರು ಅದರಲ್ಲಿ ಒಂದು ವಾಲ್ವ್ ರೇಡಿಯೊ, ಕೆಟ್ಟ ಟೇಪ್ ರೆಕಾರ್ಡರ್ ಮತ್ತು ಎರಡು ತಗಡಿನ ಪೆಟ್ಟಿಗೆಗಳಲ್ಲಿದ್ದ 62 ಗ್ರಾಮಫೋನ್ ರೆಕಾರ್ಡುಗಳನ್ನು ಅಜ್ಜಿ ಹೇಳಿದ 1,400 ರೂಪಾಯಿಗೇ ಕೊಂಡು ತಂದರು. ಫೋಟೊ ನೋಡಿದ ಬೆಂಗಳೂರಿನ ಸಂಗ್ರಾಹಕರೊಬ್ಬರು ಒಂಬತ್ತು ರೆಕಾರ್ಡುಗಳಿಗೆ 16,000 ರೂಪಾಯಿ ಕೊಡುತ್ತೇನೆಂದಿದ್ದಾರೆ. ‘ನಾನು ಮೋಸ ಮಾಡಿದಂತಾಯಿತೇ? ಇಂಥವುಗಳ ಬೆಲೆ ತಿಳಿಯುವುದು ಹೇಗೆ? ರಿಪೇರಿಯ ಜೊತೆಗೆ ಇದನ್ನೂ ಕಸುಬಾಗಿ ಹಿಡಿಯಬಹುದೇ?’ ಎಂದು ಕೇಳಿದ್ದಾರೆ.

ಪ್ರಿಯ ಓದುಗರೇ,

ಅಜ್ಜಿ ಹೇಳಿದ ಬೆಲೆಗೆ ನೀವು ಚೌಕಾಸಿ ಮಾಡಲಿಲ್ಲ. ಆ ರೆಕಾರ್ಡುಗಳು ಏನು ಬಾಳುತ್ತವೆಂಬುದು ಆ ದಿನ ನಿಮಗೂ ತಿಳಿದಿರಲಿಲ್ಲ. ಆದ್ದರಿಂದ ಇದನ್ನು ನಾನು ಮೋಸವೆನ್ನುವುದಿಲ್ಲ. ಆದರೆ ಈಗ ನಿಮಗೆ ತಿಳಿದಿದೆ, ಅವರಿಗೆ ಇನ್ನೂ ತಿಳಿದಿಲ್ಲ. ನೀವು ನಾಲ್ಕು ಪುಟ ಬರೆದದ್ದು ಈ ವ್ಯತ್ಯಾಸ ಮನಸ್ಸಿನಲ್ಲಿ ಕೊರೆಯುತ್ತಿರುವುದರಿಂದಲೇ ಎಂದು ನನಗೆ ಅನ್ನಿಸುತ್ತದೆ. ಬೆಂಗಳೂರಿನ ಹಣ ಕೈಗೆ ಬರುವ ಮೊದಲೇ ಒಂದು ದಿನ ಆ ಹಳ್ಳಿಗೆ ಹೋಗಿ, ಆ ತಾಯಿಯ ಮುಂದೆ ಕುಳಿತು, ಒಂಬತ್ತು ರೆಕಾರ್ಡುಗಳಿಗೆ ಎಷ್ಟು ಹಣ ಬರಲಿದೆಯೆಂಬುದನ್ನು ಇದ್ದಂತೆ ಹೇಳಿರಿ. ನಿಮ್ಮ ಓಡಾಟ, ಶ್ರಮ, ಇನ್ನೂ ಗಿರಾಕಿ ಸಿಗದ 53 ರೆಕಾರ್ಡುಗಳಲ್ಲಿ ಸಿಕ್ಕಿಕೊಂಡಿರುವ ನಿಮ್ಮ ದುಡ್ಡು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ, ಬರುವ ಲಾಭದಲ್ಲಿ ಅರ್ಧ ಅವರಿಗೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಕಾನೂನು ಇದನ್ನು ಕೇಳುವುದಿಲ್ಲ. ಮುಂದೆ ಅದೇ ಊರಿನ ಇನ್ನೊಂದು ಮನೆಯವರು ತಮ್ಮ ಅಟ್ಟದ ಬಾಗಿಲನ್ನು ನಿಮಗೆ ತೆರೆಯಬೇಕೋ ಬೇಡವೋ ಎಂದು ಯೋಚಿಸುವಾಗ ಮಾತ್ರ ಈ ಮಾತು ಅವರ ಕಿವಿಗೆ ಬಿದ್ದಿರುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ನನಗೊಂದು ಕಾರಣವಿದೆ. ನಮ್ಮ ಪತ್ರಿಕೆ ಬಳ್ಳಾರಿಯಲ್ಲಿ ಮೊಳೆ ಜೋಡಿಸಿ ಅಚ್ಚಾಗುತ್ತಿದ್ದ ಕಾಲವಿತ್ತು. ಆಫ್‌ಸೆಟ್ ಮುದ್ರಣಕ್ಕೆ ಹೋದಾಗ ಕೇಸುಗಳಲ್ಲಿದ್ದ ಕನ್ನಡ ಅಚ್ಚುಮೊಳೆಗಳನ್ನೆಲ್ಲ ಸೀಸದ ತೂಕಕ್ಕೆ ಮಾರಿದೆವು. ಒತ್ತಕ್ಷರ, ಗುಣಿತಾಕ್ಷರಗಳೆಂದು ಕನ್ನಡಕ್ಕೆ ನೂರಾರು ಬಗೆಯ ಮೊಳೆಗಳು ಬೇಕಾಗುತ್ತಿದ್ದವು. ಅಂಥ ಪೂರ್ಣ ಜೋಡಣೆಯೊಂದು ಕಿಲೋ ಲೆಕ್ಕದಲ್ಲಿ ಹೋಗಿ ಕರಗಿತು. ಕೊಂಡವರ ಮೇಲೆ ನನಗೆ ಸಿಟ್ಟಿಲ್ಲ, ಏಕೆಂದರೆ ಅವರಿಗೆ ಅದು ಸೀಸವಷ್ಟೇ. ಅದು ಏನೆಂದು ಬಲ್ಲ ನಾವೇ ಬಾಯಿ ಬಿಡಲಿಲ್ಲ. ಹಳೆಯ ವಸ್ತುಗಳ ವ್ಯಾಪಾರದಲ್ಲಿ ಬಲ್ಲವನೊಬ್ಬ ನಡುವೆ ಬಂದು ‘ತಡೀರಿ, ಇದು ತೂಕಕ್ಕೆ ಹಾಕುವ ಮಾಲಲ್ಲ’ ಎಂದರೆ ಅದೇ ಅವನು ಗಳಿಸಿದ ಲಾಭಕ್ಕೆ ಹಕ್ಕು. ಆ ಮಾತನ್ನು ಕೊಳ್ಳುವ ಮೊದಲೇ, ಮಾರುವವರಿಗೆ ಕೇಳುವಂತೆ ಹೇಳಬೇಕು.

ಇನ್ನು ಬೆಲೆಯ ವಿಷಯ. ನೀವು ಕಳಿಸಿದ ಫೋಟೊಗಳಲ್ಲಿ ಕಾಣುವ ಹತ್ತು ಅಂಗುಲದ ರೆಕಾರ್ಡುಗಳು ನಿಮಿಷಕ್ಕೆ 78 ಸುತ್ತು ತಿರುಗುವಂಥವು. ಅವನ್ನು ಪತ್ರದಲ್ಲಿ ವಿನೈಲ್ ಎಂದು ಕರೆದಿದ್ದೀರಿ, ಅವು ಅರಗಿನವು. ನಮ್ಮ ದೇಶದ ಕಾಡುಗಳಲ್ಲಿ ಅರಗಿನ ಹುಳುಗಳು ಮರದ ಮೇಲೆ ಬಿಡುವ ಅಂಟನ್ನು ಶೋಧಿಸಿ, ಅದಕ್ಕೆ ಕಲ್ಲಿನ ಪುಡಿ ಮುಂತಾದವನ್ನು ಬೆರೆಸಿ ಒತ್ತಿದ ಈ ತಟ್ಟೆಗಳು ಕೈ ಜಾರಿದರೆ ಬಳೆಯಂತೆ ಒಡೆಯುತ್ತವೆ, ಮತ್ತು ಒಂದು ಬದಿಯಲ್ಲಿ ಸುಮಾರು 3 ನಿಮಿಷದ ಹಾಡನ್ನಷ್ಟೇ ಹಿಡಿಯುತ್ತವೆ. 1948ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ, ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತಿನ ಎಲ್‌ಪಿ ಮತ್ತು ಮರುವರ್ಷ ಬಂದ 45 ಸುತ್ತಿನ ಚಿಕ್ಕ ತಟ್ಟೆಗಳು ವಿನೈಲಿನ ಕಾಲದವು. ಈ ಭೇದ ತಿಳಿಯದೆ ಕೈ ಹಾಕಿದರೆ ಮಾಲು ಹಾಳಾಗುತ್ತದೆ. ವಿನೈಲನ್ನು ಒರೆಸಲು ಕೆಲವರು ಬಳಸುವ ಸ್ಪಿರಿಟ್ ಅರಗಿನ ತಟ್ಟೆಗೆ ತಾಗಿದರೆ ಅರಗೇ ಕರಗಿ ಗೆರೆಗಳು ಅಳಿಯುತ್ತವೆ. ನಿಮ್ಮ ಅಂಗಡಿಯಲ್ಲಿ ಬೋರ್ಡ್ ಸ್ವಚ್ಛ ಮಾಡಲು ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್, ಅಂದರೆ ಒಂದು ಬಗೆಯ ಸ್ಪಿರಿಟ್) ಬಾಟಲಿ ಸದಾ ಕೈಗೆಟಕುವಂತೆ ಇರುತ್ತದೆ ಎಂಬುದರಿಂದಲೇ ಈ ಎಚ್ಚರಿಕೆ. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಶುದ್ಧ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಗೆರೆಯ ದಿಕ್ಕಿನಲ್ಲೇ ಒರೆಸಿ, ನಡುವಿನ ಲೇಬಲ್ಲಿಗೆ ನೀರು ತಾಗದಂತೆ ನೋಡಿಕೊಂಡರೆ ಸಾಕು.

ಲೇಬಲ್ಲನ್ನು ನಿಧಾನವಾಗಿ ಓದಲು ಕಲಿಯಿರಿ. ಅಲ್ಲಿ ಕಂಪನಿಯ ಗುರುತು, ಕ್ರಮಸಂಖ್ಯೆ, ಹಾಡಿದವರ ಹೆಸರು ಇರುತ್ತವೆ. ಲೇಬಲ್ಲಿಗೂ ಗೆರೆಗಳಿಗೂ ನಡುವಿನ ಖಾಲಿ ಜಾಗದಲ್ಲಿ, ತಟ್ಟೆಯನ್ನು ಒತ್ತಿದ ಮೂಲ ಅಚ್ಚನ್ನು ಗುರುತಿಸುವ ಮ್ಯಾಟ್ರಿಕ್ಸ್ ಸಂಖ್ಯೆ ಒತ್ತಿರುತ್ತದೆ, ಮತ್ತು ಅನುಭವಿ ಸಂಗ್ರಾಹಕರು ಮೊದಲು ಕೇಳುವುದು ಅದನ್ನೇ. ಹೆಸರುಗಳಲ್ಲಿಯೂ ತೊಡಕಿದೆ. ಗಂಗೂಬಾಯಿ ಹಾನಗಲ್ ಅವರ ಆರಂಭದ ಕೆಲವು ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಆ ಹೆಸರನ್ನು ಅರಿಯದವರು ಅವನ್ನು ಯಾರದೋ ಹಾಡೆಂದು ಬದಿಗಿಟ್ಟಾರು. ಲೇಬಲ್ ಪೂರ್ತಿ ಮಾಸಿಹೋಗಿದ್ದರೆ, ತೀರಾ ಹಳೆಯ ತಟ್ಟೆಯಾಗಿದ್ದಲ್ಲಿ ಹಾಡಿನ ಕೊನೆಯವರೆಗೆ ಕೇಳಿರಿ. 1902ರಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತೆಯಲ್ಲಿ ಮುದ್ರಿಸಿಕೊಂಡ ಗೌಹರ್ ಜಾನ್ ಅವರು ಹಾಡು ಮುಗಿಸಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಏಕೆಂದರೆ ಆಗ ತಟ್ಟೆ ಒತ್ತುವ ಕೆಲಸ ಜರ್ಮನಿಯಲ್ಲಿ ನಡೆಯುತ್ತಿತ್ತು, ಅಲ್ಲಿನವರಿಗೆ ಯಾರ ಹಾಡು ಯಾವುದೆಂದು ತಿಳಿಯಬೇಕಿತ್ತು. ಕೊನೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಆ ಗಾಯಕಿಯ ತಟ್ಟೆ ನಮ್ಮ ಕಡೆಯ ಅಟ್ಟದ ಮೇಲೂ ಸಿಗಬಾರದೆಂದೇನಿಲ್ಲ.

ನಮ್ಮ ಭಾಗದ ಪೆಟ್ಟಿಗೆಗಳನ್ನು ಬೆಂಗಳೂರು, ಮೈಸೂರಿನ ಪೆಟ್ಟಿಗೆಗಳಂತೆ ಎಣಿಸಬೇಡಿ. ರಾಯಚೂರು, ಕೊಪ್ಪಳಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಆದ್ದರಿಂದ ಒಂದೇ ವಾಡೆಯಲ್ಲಿ ಉರ್ದು ಗಜಲು, ತೆಲುಗು ನಾಟಕದ ಪದ್ಯ, ಮರಾಠಿ ನಾಟ್ಯಗೀತೆ, ಕನ್ನಡದ ಕಂಪನಿ ನಾಟಕದ ಹಾಡು ಒಟ್ಟಿಗೆ ಸಿಗುತ್ತವೆ. ನೀವು ‘ಓದಲು ಬಾರದ ಲಿಪಿಯವು’ ಎಂದು ಬದಿಗಿಟ್ಟಿರುವ ಹದಿನಾಲ್ಕನ್ನು ಉರ್ದು ಬಲ್ಲ ಹಿರಿಯರೊಬ್ಬರಿಗೆ ತೋರಿಸದೆ ಯಾರಿಗೂ ಕೊಡಬೇಡಿ. ಸಾವಿರಗಟ್ಟಲೆ ಒತ್ತಿದ ಜನಪ್ರಿಯ ಸಿನಿಮಾ ಹಾಡಿನ ತಟ್ಟೆ ಎಷ್ಟೇ ಹಳೆಯದಾದರೂ ಸುಲಭವಾಗಿ ಸಿಗುತ್ತದೆ. ಕಡಿಮೆ ಸಂಖ್ಯೆಯಲ್ಲಿ ಹೊರಬಂದು, ಅದರಲ್ಲೂ ಹೆಚ್ಚಿನವು ಒಡೆದುಹೋದ ರಂಗಗೀತೆಯ ತಟ್ಟೆಗೆ ಸಂಗ್ರಾಹಕರು ಕಾಯುತ್ತಿರುತ್ತಾರೆ. ಆ ಬೆಂಗಳೂರಿನವರು ಆರಿಸಿದ ಒಂಬತ್ತರಲ್ಲಿ ಏಳು ನಾಟಕದ ಹಾಡುಗಳೇ ಆಗಿರುವುದನ್ನು ನೀವು ಗಮನಿಸಿದ್ದೀರಾ?

ತಟ್ಟೆಯ ಸ್ಥಿತಿಯೂ ಬೆಲೆಯನ್ನು ಏರಿಳಿಸುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದಾಗ ಗೆರೆಗಳು ಕಪ್ಪಾಗಿ ಹೊಳೆದರೆ ಒಳ್ಳೆಯದು; ಬೂದು ಬಣ್ಣಕ್ಕೆ ತಿರುಗಿದ್ದರೆ ಉಕ್ಕಿನ ಮುಳ್ಳು ಅವನ್ನು ಸವೆಸಿದೆ ಎಂದರ್ಥ. ಒಂದು ಬದಿ ನುಡಿಸಿದ ಮೇಲೆ ಮುಳ್ಳನ್ನು ಬದಲಿಸಬೇಕೆಂಬ ನಿಯಮವನ್ನು ಮನೆಗಳಲ್ಲಿ ಎಲ್ಲರೂ ಪಾಲಿಸಲಿಲ್ಲ. ಅಂಚಿನಿಂದ ಒಳಗೆ ಹೋಗುವ ಕೂದಲೆಳೆಯ ಬಿರುಕನ್ನು ಬೆರಳಿನಿಂದ ಸವರಿ ನೋಡಿ, ಇದ್ದರೆ ಮುಚ್ಚಿಡದೆ ಬರೆಯಿರಿ. ವಿದೇಶದ ಮಾರಾಟಗಾರರ ಭಾಷೆಯಲ್ಲಿ ‘ಗುಡ್’ ಎಂದರೆ ಚೆನ್ನಾಗಿ ಸವೆದದ್ದು ಎಂದೇ ಅರ್ಥ. ‘ವೆರಿ ಗುಡ್ ಪ್ಲಸ್’, ‘ಮಿಂಟ್’ ಅದಕ್ಕಿಂತ ಮೇಲಿನವು. ಬೆಲೆ ಹುಡುಕುವಾಗ ಯಾರೋ ಕೇಳುತ್ತಿರುವ ಮೊತ್ತವನ್ನು ನೋಡದೆ, ನಿಜವಾಗಿ ಮಾರಾಟವಾದ ಮೊತ್ತವನ್ನು ನೋಡಿರಿ. ನುಡಿಸಿ ನೋಡುವುದಾದರೆ 78ರ ತಟ್ಟೆಗೆ ಮೊನೆಯ ತ್ರಿಜ್ಯ ಸುಮಾರು 3 ಮಿಲ್, ಅಂದರೆ ಅಂಗುಲದ ಸಾವಿರದಲ್ಲಿ ಮೂರು ಭಾಗ, ಇರುವ ಸ್ಟೈಲಸ್ (ನುಡಿಸುವ ಮುಳ್ಳು) ಬೇಕು. ಎಲ್‌ಪಿಗೆಂದು ಮಾಡಿದ 1 ಮಿಲ್ ಅಥವಾ ಅದಕ್ಕೂ ಸಣ್ಣ ಮೊನೆ ಅಗಲವಾದ ಗೆರೆಯ ತಳಕ್ಕಿಳಿದು ಬರೀ ಗರಗರ ಸದ್ದು ತರುತ್ತದೆ. ಕೀಲಿ ಕೊಡುವ ಗ್ರಾಮಫೋನಿನ ಉಕ್ಕಿನ ಮುಳ್ಳಿನ ಕೆಳಗಂತೂ ಎಲ್‌ಪಿಯನ್ನು ಎಂದೂ ಇಡಬಾರದು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿ, ತಗಡಿನ ಚಾವಣಿಯ ಕೆಳಗಿಂದ ಬೇರೆ ಕಡೆಗೆ ಸಾಗಿಸಿರಿ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ವಿನೈಲ್ ಹಪ್ಪಳದಂತೆ ಡೊಂಕಾಗುತ್ತದೆ.

ದೊಡ್ಡ ಹಿತ್ತಾಳೆ ಕಹಳೆಯ ಗ್ರಾಮಫೋನ್ ಒಂದನ್ನು ಹೈದರಾಬಾದಿನಿಂದ ತರಿಸಬೇಕೆಂದಿದ್ದೀರಿ. ದಯವಿಟ್ಟು ತರಿಸಬೇಡಿ. ಹಳೆಯ ಪೋರ್ಟಬಲ್ ಪೆಟ್ಟಿಗೆಗಳಿಂದ ಕಿತ್ತ ಮೋಟಾರನ್ನು ಹೊಸ ಮರದ ಪೆಟ್ಟಿಗೆಯಲ್ಲಿ ಕೂಡಿಸಿ, ಹೊಸ ಕಹಳೆ ಸಿಕ್ಕಿಸಿ, ಎಚ್‌ಎಂವಿ ಕಂಪನಿಯ ನಾಯಿಯ ಚಿತ್ರದ ಗುರುತು ಅಂಟಿಸಿ ನೂರು ವರ್ಷದ ಹಳೆಯದೆಂದು ಮಾರುವುದು ನಮ್ಮ ದೇಶದ ದೊಡ್ಡ ಪೇಟೆಗಳಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಸೂಟ್‌ಕೇಸಿನಂತೆ ಮುಚ್ಚುವ, ಕಹಳೆ ಕಾಣಿಸದ, ಸವೆದ ಕರಿಯ ಪೆಟ್ಟಿಗೆಯೊಂದು ಸಿಕ್ಕರೆ ಅದನ್ನು ಕೊಳ್ಳಿ.

ವಾಲ್ವ್ ರೇಡಿಯೊವನ್ನು ಇನ್ನೂ ಪ್ಲಗ್ಗಿಗೆ ಹಾಕಿಲ್ಲವೆಂದು ಬರೆದದ್ದನ್ನು ಓದಿ ಸಮಾಧಾನವಾಯಿತು. ದಶಕಗಳ ಕಾಲ ಸುಮ್ಮನಿದ್ದ ಸೆಟ್ಟಿನಲ್ಲಿ ಕಂಡೆನ್ಸರುಗಳು ಒಣಗಿರುತ್ತವೆ, ವೈರಿನ ರಬ್ಬರು ಉದುರುತ್ತಿರುತ್ತದೆ. ನೇರವಾಗಿ ಕರೆಂಟು ಕೊಟ್ಟರೆ ಟ್ರಾನ್ಸ್‌ಫಾರ್ಮರ್ ಸುಡಬಹುದು. ಮೊಬೈಲಿನ 4 ವೋಲ್ಟಿಗೆ ಒಗ್ಗಿದ ಕೈಗಳು ಇಲ್ಲಿ 200 ವೋಲ್ಟಿಗೂ ಮೀರಿದ ಡಿಸಿಯನ್ನು ಎದುರಿಸಬೇಕಾಗುತ್ತದೆ. ಎಸಿ, ಡಿಸಿ ಎರಡಕ್ಕೂ ನಡೆಯುವಂತೆ ಮಾಡಿದ ಸೆಟ್ಟುಗಳಲ್ಲಿ ಒಳಗಿನ ಕಬ್ಬಿಣದ ತಳದಲ್ಲೇ ಕರೆಂಟು ಇರಬಹುದು. ಹಳೆಯ ರೇಡಿಯೊ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ, ಅವರ ಪಕ್ಕದಲ್ಲಿ ಕುಳಿತು, ಮೊದಲು ಕಂಡೆನ್ಸರ್ ಬದಲಿಸಿ, ಕರೆಂಟಿನ ದಾರಿಯಲ್ಲೇ ಸೀರೀಸ್ ಬಲ್ಬ್ ಜೋಡಿಸಿ ಪರೀಕ್ಷಿಸುವುದನ್ನು ಕಲಿಯಿರಿ. ಆ ವಿದ್ಯೆ ಬಲ್ಲವರು ನಮ್ಮ ಮೂರು ಜಿಲ್ಲೆಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮರದ ಪೆಟ್ಟಿಗೆಗೆ ಹೊಸ ಪಾಲಿಶ್ ಬೇಡ. ಅಜ್ಜಿಯ ಮನೆಯಲ್ಲಿ ರೇಡಿಯೊ ಲೈಸೆನ್ಸ್ ಪುಸ್ತಕವೇನಾದರೂ ಉಳಿದಿದೆಯೇ ಎಂದೂ ಕೇಳಿರಿ. 1980ರ ದಶಕದಲ್ಲಿ ಆ ಲೈಸೆನ್ಸ್ ರದ್ದಾಗುವವರೆಗೆ ಅಂಚೆ ಕಚೇರಿಗೆ ಶುಲ್ಕ ಕಟ್ಟಿಯೇ ರೇಡಿಯೊ ಕೇಳಬೇಕಿತ್ತು. ಆ ಸೆಟ್ಟು ಯಾವ ವರ್ಷ ಯಾರ ಮನೆಯಲ್ಲಿತ್ತೆಂಬುದಕ್ಕೆ ಆ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ಕಸುಬಿನ ಪ್ರಶ್ನೆಗೆ ಬಂದರೆ, ರಿಪೇರಿಯನ್ನು ಬಿಡಬೇಡಿ. ಹಳೆಯ ಸಾಮಾನಿನಲ್ಲಿ ಹಾಕಿದ ದುಡ್ಡು ಗಿರಾಕಿ ಬರುವವರೆಗೆ, ಕೆಲವೊಮ್ಮೆ ವರ್ಷಗಟ್ಟಲೆ, ಕಪಾಟಿನಲ್ಲೇ ಕೂರುತ್ತದೆ. ಸೆಕೆಂಡ್ ಹ್ಯಾಂಡ್ ಫೋನು ಕೊಂಡು ಮಾರುವುದಾದರೆ ಪ್ರತಿಯೊಂದರ 15 ಅಂಕಿಯ ಐಎಂಇಐ ಸಂಖ್ಯೆಯನ್ನು (ಫೋನಿನ ಗುರುತಿನ ಸಂಖ್ಯೆ) ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಪರೀಕ್ಷಿಸಿ, ಮಾರಿದವರ ಗುರುತಿನ ಚೀಟಿಯ ಪ್ರತಿ ಮತ್ತು ಸಹಿಯನ್ನು ಪುಸ್ತಕದಲ್ಲಿ ಇಟ್ಟುಕೊಳ್ಳಿರಿ. ಕಳವಿನ ಮಾಲೆಂದು ತಿಳಿದೋ, ಹಾಗೆಂದು ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಕೊಂಡವರಿಗೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ 3 ವರ್ಷದವರೆಗೆ ಜೈಲು ಶಿಕ್ಷೆ ಇದೆ. ರಿಪೇರಿಗೂ ಬಾರದ ಬೋರ್ಡು, ವೈರುಗಳನ್ನು ತಾಮ್ರಕ್ಕಾಗಿ ಸುಡುವವರ ಕೈಗೆ ಕೊಡಬೇಡಿ. ಹಳೆಯ ಟಿವಿಯ ಗಾಜಿನಲ್ಲಿ ಸೀಸವಿರುತ್ತದೆ, ಆ ಹೊಗೆ, ಆ ಬೂದಿ ಸೇರುವುದು ನಮ್ಮದೇ ಕಾಲುವೆಗಳನ್ನು. ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೇ ಅವನ್ನು ಒಪ್ಪಿಸಿರಿ.

ಇನ್ನೊಂದು ಮಾತನ್ನು, ನೀವು ಕೇಳದಿದ್ದರೂ, ಹೇಳಲೇಬೇಕು. ಆನೆಗೊಂದಿ ನಿಮ್ಮ ತಾಲ್ಲೂಕಿನಲ್ಲೇ ಇದೆ, ಹಂಪಿ ಹೊಳೆಯಾಚೆ ಇದೆ. ಹಳೆಯ ಮನೆಗಳಿಗೆ ಹೋಗಿ ಬರುವವರಿಗೆ ಒಂದಲ್ಲ ಒಂದು ದಿನ ಯಾರಾದರೂ ಕಲ್ಲಿನ ಮೂರ್ತಿಯನ್ನೋ ತಾಳೆಗರಿಯ ಕಟ್ಟನ್ನೋ ತೋರಿಸಿಯೇ ತೋರಿಸುತ್ತಾರೆ. ನೂರು ವರ್ಷ ಮೀರಿದ ಶಿಲ್ಪಗಳೂ, 75 ವರ್ಷ ಮೀರಿದ ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿಗಳೂ 1972ರ ಪುರಾವಸ್ತು ಕಾಯ್ದೆಗೆ ಒಳಪಡುತ್ತವೆ. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಮೂರ್ತಿಯಾದರೆ ಮುಟ್ಟದೆ ಪುರಾತತ್ತ್ವ ಇಲಾಖೆಗೆ ತಿಳಿಸಿರಿ. ತಾಳೆಗರಿಯಾದರೆ ಆ ಮನೆಯವರನ್ನೇ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿಶಾಸ್ತ್ರ ವಿಭಾಗಕ್ಕೆ ಕರೆದೊಯ್ಯಿರಿ.

ಒಂಬತ್ತು ರೆಕಾರ್ಡುಗಳನ್ನು ಕೊರಿಯರಿನಲ್ಲಿ ಕಳಿಸಬೇಡಿ. ಪ್ರತಿಯೊಂದನ್ನೂ ಕಾಗದದ ಚೀಲದಲ್ಲಿಟ್ಟು, ಎರಡೂ ಕಡೆ ತಟ್ಟೆಗಿಂತ ಸ್ವಲ್ಪ ದೊಡ್ಡದಾದ ಗಟ್ಟಿ ರಟ್ಟು ಕೊಟ್ಟು, ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಅಲುಗದಂತೆ ನಿಲ್ಲಿಸಿ, ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ನೀವೇ ಒಯ್ದು ಕೊಡಿರಿ. ಅದಕ್ಕೆ ಮುನ್ನ ಹದಿನೆಂಟು ಬದಿಗಳ ಧ್ವನಿಯನ್ನೂ ಸರಿಯಾದ ಸ್ಟೈಲಸ್ಸಿನಿಂದ ನಿಮ್ಮ ಫೋನಿಗೆ ಇಳಿಸಿಕೊಂಡು, ಹಳ್ಳಿಗೆ ಹೋದ ದಿನ ಅಜ್ಜಿಗೆ ಕೇಳಿಸಿರಿ. ಆ ತಟ್ಟೆಗಳನ್ನು ಮನೆಗೆ ತಂದವರು ಯಾರು, ಯಾವ ಊರಿನ ಅಂಗಡಿಯಿಂದ ಎಂಬುದು ಅವರಿಗೆ ಆಗ ನೆನಪಾಗಬಹುದು. ಅವರು ಹೇಳಿದ್ದನ್ನು ದಿನಾಂಕದೊಡನೆ ಬರೆದಿಟ್ಟುಕೊಳ್ಳಿರಿ. ಉಳಿದ 53ರ ಲೇಬಲ್ಲುಗಳ ಪಟ್ಟಿಯನ್ನೂ ಹದಿನಾಲ್ಕು ಉರ್ದು ತಟ್ಟೆಗಳ ಫೋಟೊಗಳನ್ನೂ ನಮಗೆ ಕಳಿಸಿದರೆ, ಇಲ್ಲಿ ಬಳ್ಳಾರಿಯಲ್ಲಿ ಅವನ್ನು ಓದಬಲ್ಲ ಹಿರಿಯರಿಗೆ ತೋರಿಸಿ ಉತ್ತರ ಬರೆಯುತ್ತೇನೆ.

ಸಂಪಾದಕ