ವಾಹನ ಸಲಹೆ: ಹೊಸ ಸೆಡಾನ್ ತರಲೋ, ಹಳೆಯ ಐಷಾರಾಮಿ ಕಾರು ತರಲೋ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಈಗಿರುವ ಸಣ್ಣ ಕಾರನ್ನು ಕೊಟ್ಟು ಆಟೊಮ್ಯಾಟಿಕ್ ಗೇರಿನ ಸೆಡಾನ್ ಕೊಳ್ಳಬೇಕೆಂದಿದ್ದೇನೆ. ಎಲ್ಲ ಸೇರಿ 20 ಲಕ್ಷ ರೂಪಾಯಿಯವರೆಗೆ ಹೊಂದಿಸಬಲ್ಲೆ. ನನ್ನ ಮನಸ್ಸಿನಲ್ಲಿರುವುದು ಹೊಸ ಫೋಕ್ಸ್‌ವ್ಯಾಗನ್ ವರ್ಟಸ್. ಆದರೆ ಬೆಂಗಳೂರಿನಲ್ಲಿರುವ ಮಗ, ಅಲ್ಲಿಯದೇ ನೋಂದಣಿಯ 2018ರ ಔಡಿ ಎ3 ಪೆಟ್ರೋಲ್ ಕಾರು 15 ಲಕ್ಷಕ್ಕೆ ಸಿಗುತ್ತದೆ, ಉಳಿದದ್ದನ್ನು ರಿಪೇರಿಗೆ ಇಟ್ಟುಕೊಂಡರಾಯಿತು ಎನ್ನುತ್ತಾನೆ. ಮನೆ ಡಾಂಬರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗಿದ್ದು, ಕೊನೆಯಲ್ಲಿ ಕಡಿದಾದ ಏರು ಇದೆ. ವಯಸ್ಸಾದ ತಾಯಿಯವರನ್ನು ಆಗಾಗ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಕರೆದೊಯ್ಯಬೇಕು. ಯಾವುದು ಸೂಕ್ತ?

ಉತ್ತರ: ನಿಮ್ಮ ಮಗನ ಸಲಹೆ ಬೆಂಗಳೂರಿನಲ್ಲಿ ಕುಳಿತವರಿಗೆ ಸರಿಯಾದದ್ದೇ. ನಿಮ್ಮ ಮನೆಯ ದಾರಿಯ ವಿವರ ಓದಿದ ಮೇಲೆ ನಾನು ನಿಮ್ಮ ಪಕ್ಷವನ್ನೇ ವಹಿಸಬೇಕಾಗಿದೆ. ಹಾಗೆಂದು ವರ್ಟಸ್‌ನ ಯಾವ ಮಾದರಿಯಾದರೂ ಆದೀತು ಎಂದಲ್ಲ.

ಮೊದಲಿಗೆ, ಈ ಎರಡು ಕಾರುಗಳು ಪರಸ್ಪರ ಎಷ್ಟು ಹತ್ತಿರದವು ಎಂಬುದನ್ನು ಗಮನಿಸಬೇಕು. ಔಡಿ ಕಂಪನಿ ಫೋಕ್ಸ್‌ವ್ಯಾಗನ್ ಸಮೂಹಕ್ಕೇ ಸೇರಿದ್ದು. 2014ರಲ್ಲಿ ಭಾರತಕ್ಕೆ ಬಂದು 2017ರಲ್ಲಿ ಪರಿಷ್ಕೃತಗೊಂಡ ಎ3 ಸೆಡಾನ್‌ನ 1.4 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ 150 ಪಿಎಸ್ (ಅಶ್ವಶಕ್ತಿಯಂಥ ಅಳತೆ) ಶಕ್ತಿಯನ್ನೂ 250 ನ್ಯೂಟನ್ ಮೀಟರ್ ಟಾರ್ಕನ್ನೂ, ಅಂದರೆ ಎಳೆಯುವ ಬಲವನ್ನೂ ಕೊಡುತ್ತದೆ. 2022ರಲ್ಲಿ ಬಂದ ವರ್ಟಸ್‌ನ 1.5 ಲೀಟರ್ ಎಂಜಿನ್ ಕೊಡುವುದೂ ಸರಿಯಾಗಿ ಅಷ್ಟನ್ನೇ. ಹೆಚ್ಚು ಭಾರ ಬೀಳದ ಓಟದಲ್ಲಿ ನಾಲ್ಕರಲ್ಲಿ ಎರಡು ಸಿಲಿಂಡರ್‌ಗಳಿಗೆ ವಿಶ್ರಾಂತಿ ಕೊಟ್ಟು ಪೆಟ್ರೋಲ್ ಉಳಿಸುವ ಏರ್ಪಾಡು ಎರಡರಲ್ಲೂ ಇದೆ, ಏಳು ಗೇರಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಕೂಡ ಎರಡರಲ್ಲೂ ಇದೆ. ಆದ್ದರಿಂದ ಘಾಟಿಯ ಏರಿನಲ್ಲಿ ಔಡಿ ಹೆಚ್ಚು ಬಲವಾಗಿ ಎಳೆಯುತ್ತದೆ ಎಂಬ ಆಸೆಯಿಂದ ಅದನ್ನು ಕೊಳ್ಳಬೇಕಾಗಿಲ್ಲ. ಔಡಿಯಲ್ಲಿ ನಿಜಕ್ಕೂ ಹೆಚ್ಚಿಗೆ ದೊರೆಯುವುದು ಬೇರೆ: ಬಾಗಿಲು ಮುಚ್ಚಿದಾಗ ಬರುವ ಗಟ್ಟಿ ಸದ್ದು, ಕೈ ಸೋಕಿದಲ್ಲೆಲ್ಲ ಮೆತ್ತಗಿರುವ ಡ್ಯಾಶ್‌ಬೋರ್ಡ್, ಹೆದ್ದಾರಿಯಲ್ಲಿ ಒಳಗಿನ ನಿಶ್ಶಬ್ದ. ಈ ವಿಷಯದಲ್ಲಿ ವರ್ಟಸ್ ಅದರ ಸಮಕ್ಕೆ ಬರುವುದಿಲ್ಲ.

ಹಿಂದಿನ ಸೀಟಿಗೆ ಬಂದರೆ ಮಾತು ತಿರುಗುತ್ತದೆ. ವರ್ಟಸ್ 4,561 ಮಿ.ಮೀ. ಉದ್ದವಿದೆ, ಎ3 ಅದಕ್ಕಿಂತ ಸುಮಾರು 10 ಸೆಂ.ಮೀ. ಗಿಡ್ಡ. ಡಿಕ್ಕಿಯ ಅಳತೆ ವರ್ಟಸ್‌ನಲ್ಲಿ 521 ಲೀಟರ್, ಎ3ಯಲ್ಲಿ 425 ಲೀಟರ್. ಎ3ಯ ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಜಾಗ ಕಡಿಮೆ, ತಲೆಯ ಮೇಲೆ ಇಳಿಜಾರಾದ ಛಾವಣಿ ಇದೆ. ಮಂಡಿನೋವಿರುವ ಹಿರಿಯರು ಅದರೊಳಗೆ ತಲೆ ತಗ್ಗಿಸಿ ಕೂರುವುದನ್ನೂ ಎದ್ದು ಬರುವುದನ್ನೂ ಒಮ್ಮೆ ನೋಡಿಯೇ ನಿರ್ಧರಿಸಬೇಕು. ವ್ಯವಹಾರ ಮುಗಿಸುವ ಮೊದಲು ತಾಯಿಯವರನ್ನು ಎರಡೂ ಕಾರುಗಳಲ್ಲಿ ಕೂರಿಸಿ ನೋಡಿ. ನನ್ನ ಈ ಉತ್ತರಕ್ಕಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನು ನಿಮ್ಮ ಒಂದೂವರೆ ಕಿಲೋಮೀಟರಿನ ವಿಷಯ. ವರ್ಟಸ್‌ನ ತಳ ನೆಲದಿಂದ 179 ಮಿ.ಮೀ. ಎತ್ತರದಲ್ಲಿದೆ. ಇದು ಖಾಲಿ ಕಾರಿನ ಅಳತೆ; ಜನ, ಸಾಮಾನು ತುಂಬಿದಾಗ ಅದು ಸಾಕಷ್ಟು ತಗ್ಗುತ್ತದೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್, ಪಿಕಪ್ ಓಡಾಡಿದ ಮಣ್ಣುರಸ್ತೆಯ ಎರಡೂ ಬದಿ ಗಾಲಿಯ ಜಾಡು ಆಳವಾಗಿ, ನಡುವೆ ಜಂಬಿಟ್ಟಿಗೆಯ ದಿಂಡು ಎದ್ದುಕೊಂಡಿರುತ್ತದೆ. ಸೆಡಾನ್‌ಗಳ ಹೊಟ್ಟೆ ಉಜ್ಜುವುದು ಈ ದಿಂಡಿಗೇ. ಎಂಜಿನ್ನಿನ ತಳದಲ್ಲಿ ಆಯಿಲ್ ತುಂಬಿರುವ ಪಾತ್ರೆ (ಆಯಿಲ್ ಸಂಪ್) ಅಲ್ಲಿ ಬಿರುಕು ಬಿಟ್ಟರೆ ಕಾರು ಅಲ್ಲಿಯೇ ನಿಲ್ಲುತ್ತದೆ. ಯಾವ ಸೆಡಾನ್ ತಂದರೂ ಎಂಜಿನ್ನಿನ ಅಡಿಗೆ ಲೋಹದ ತಗಡು ಹಾಕಿಸಿ, ದಿಂಡನ್ನು ವರ್ಷಕ್ಕೊಮ್ಮೆ ಕೆರೆಸಿಬಿಡುವುದು ಕ್ಷೇಮ.

ಕೊನೆಯ ಏರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಷೋರೂಮಿನವರು ಇದನ್ನು ಹೇಳುವುದು ಅಪರೂಪ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಒಳಗಿರುವುದು ಮ್ಯಾನ್ಯುವಲ್ ಕಾರಿನಲ್ಲಿರುವಂಥ ಕ್ಲಚ್ ತಟ್ಟೆಗಳೇ. ಅವುಗಳನ್ನು ನಮ್ಮ ಕಾಲಿನ ಬದಲು ಯಂತ್ರ ಒತ್ತುತ್ತದೆ. ಏರಿನಲ್ಲಿ ಆಮೆನಡೆಯಲ್ಲಿ ಹತ್ತುವಾಗ, ಗೇಟು ತೆರೆಯುವವರೆಗೆ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್‌ನಲ್ಲೇ ಕಾರನ್ನು ನಿಲ್ಲಿಸಿಕೊಂಡಾಗ, ಆ ತಟ್ಟೆಗಳು ಜಾರುತ್ತ ಬಿಸಿಯಾಗುತ್ತವೆ. ದಿನಕ್ಕೆ ನಾಲ್ಕು ಸಲ, ವರ್ಷಗಟ್ಟಲೆ ಹೀಗಾದರೆ ಸವೆತ ಬೇಗ ಬರುತ್ತದೆ. ವರ್ಟಸ್‌ನ 1.0 ಲೀಟರ್ ಎಂಜಿನ್ನಿಗೆ ಕೊಟ್ಟಿರುವುದು ಟಾರ್ಕ್ ಕನ್ವರ್ಟರ್ ಇರುವ ಆರು ಗೇರಿನ ಆಟೊಮ್ಯಾಟಿಕ್. ಅದರಲ್ಲಿ ಎಂಜಿನ್ನಿನ ಬಲ ಎಣ್ಣೆಯ ಮೂಲಕ ದಾಟುವುದರಿಂದ ನಿಧಾನದ ಏರಿಗೆ ಅದು ಹೆಚ್ಚು ಸಹನೆಯದು. ಶಕ್ತಿ 115 ಪಿಎಸ್, ಟಾರ್ಕ್ 178 ನ್ಯೂಟನ್ ಮೀಟರ್. ಆಗುಂಬೆಯ 14 ತಿರುವುಗಳಿಗೆ ಇಷ್ಟು ಧಾರಾಳವಾಗಿ ಸಾಕು. ಘಾಟಿ ಇಳಿಯುವಾಗ ಮಾತ್ರ ಗೇರನ್ನು ಮ್ಯಾನ್ಯುವಲ್ ಸ್ಥಿತಿಗೆ ತಂದು, ಕೆಳ ಗೇರಿನಲ್ಲಿ ಎಂಜಿನ್ನೇ ವೇಗವನ್ನು ಹಿಡಿಯುವಂತೆ ನೋಡಿಕೊಳ್ಳಿ.

ಹಣದ ಲೆಕ್ಕವೂ ಇದಕ್ಕೇ ಹೊಂದುತ್ತದೆ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಆಜೀವ ತೆರಿಗೆ ಶೇ 17. ಆ ತೆರಿಗೆಯ ಮೇಲೆ ಶೇ 11ರ ಸೆಸ್ ಸೇರಿ ಒಟ್ಟು ಶೇ 18.87 ಆಗುತ್ತದೆ. 16 ಲಕ್ಷದ ಕಾರಿಗೆ ಇದೇ 3 ಲಕ್ಷ ದಾಟುವುದರಿಂದ, ವಿಮೆಯನ್ನೂ ಸೇರಿಸಿದರೆ ನಿಮ್ಮ 20 ಲಕ್ಷದೊಳಗೆ 1.0 ಲೀಟರ್ ಆಟೊಮ್ಯಾಟಿಕ್ ಹೊಂದುತ್ತದೆ, 1.5 ಲೀಟರಿನದು ಹೊಂದುವುದು ಕಷ್ಟ. ಎ3ಗೆ ಈ ತೆರಿಗೆಯನ್ನು ಮೊದಲ ಮಾಲೀಕರೇ ಕಟ್ಟಿರುತ್ತಾರೆ, ಇದು ನಿಮ್ಮ ಮಗನ ವಾದಕ್ಕೆ ಬಲ ಕೊಡುವ ಅಂಶ.

ಆದರೆ ರಿಪೇರಿಗೆಂದು ಎತ್ತಿಡುವ 5 ಲಕ್ಷದ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಔಡಿ ಈ ಸೆಡಾನ್‌ನ ಮಾರಾಟವನ್ನು ಇಲ್ಲಿ ನಿಲ್ಲಿಸಿ ವರ್ಷಗಳಾಗಿವೆ. ನಮ್ಮ ಭಾಗದವರು ಐಷಾರಾಮಿ ಕಾರುಗಳ ಅಧಿಕೃತ ಸರ್ವೀಸಿಗೆ ಸಾಮಾನ್ಯವಾಗಿ ಮಂಗಳೂರಿಗೋ ಬೆಂಗಳೂರಿಗೋ ಹೋಗಬೇಕಾಗುತ್ತದೆ. ದಾರಿಯಲ್ಲಿ ಕೈಕೊಟ್ಟರೆ ಅಲ್ಲಿಯವರೆಗೆ ಕಾರನ್ನು ಲಾರಿಯ ಮೇಲೇರಿಸಿ ಕಳಿಸಬೇಕು. ವಿಮೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಸವಕಳಿ ಕಡಿತವಿಲ್ಲದ ಪಾಲಿಸಿ ಇಷ್ಟು ಹಳೆಯ ಕಾರಿಗೆ ಸುಲಭವಾಗಿ ದೊರೆಯುವುದಿಲ್ಲ, ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಶೇ 50ನ್ನು ಕಡಿತ ಮಾಡುತ್ತಾರೆ. ರಾತ್ರಿ ರಸ್ತೆಗೆ ಅಡ್ಡ ಬಂದ ಕಾಡುಹಂದಿಗೆ ಗುದ್ದಿದರೆ ಒಡೆಯುವ ಬಂಪರ್, ಗ್ರಿಲ್‌ಗಳೆಲ್ಲ ಪ್ಲಾಸ್ಟಿಕ್ಕೇ. ಇದಲ್ಲದೆ ಈಗ ಬಂಕುಗಳಲ್ಲಿ ಬರುತ್ತಿರುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. 2018ರ ಕಾರು ಆ ಕಾಲಕ್ಕಿಂತ ಹಿಂದಿನದು.

ಸುರಕ್ಷತೆಯಲ್ಲಿ ಯಾವುದನ್ನೂ ಹಗುರವಾಗಿ ಕಾಣುವಂತಿಲ್ಲ. ಎ3 ಯುರೋಪಿನ ಅಪಘಾತ ಪರೀಕ್ಷೆಯಲ್ಲಿ 2012ರಲ್ಲಿ, ವರ್ಟಸ್ 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಪರೀಕ್ಷೆಯಲ್ಲಿ ಐದು ತಾರೆಗಳನ್ನು ಪಡೆದಿವೆ. ಪರೀಕ್ಷೆಗಳು ಬೇರೆ ಬೇರೆಯಾದ್ದರಿಂದ ಒಂದಕ್ಕೊಂದು ತಾಳೆ ಹಾಕುವುದು ಸರಿಯಲ್ಲ.

ಮಗನ ಮಾತಿಗೇ ಮನೆಯವರೆಲ್ಲ ಒಪ್ಪಿದರೆ, ಅಧಿಕೃತ ಸರ್ವೀಸಿನ ಪೂರ್ಣ ದಾಖಲೆ ಇಲ್ಲದ ಕಾರನ್ನು ಎಷ್ಟು ಅಗ್ಗವಾದರೂ ಬೇಡವೆನ್ನಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಅದರ ಬುಡದಲ್ಲಿ ಕೆಸರಿನ ಕಲೆಯಿದೆಯೇ ನೋಡಿ. ಬೆಂಗಳೂರಿನ ಮಳೆಯಲ್ಲಿ ನೆಲಮಾಳಿಗೆಯೊಳಗೆ ಮುಳುಗಿದ ಕಾರುಗಳನ್ನು ಎಷ್ಟು ತೊಳೆದರೂ ಆ ಜಾಗ ಸತ್ಯ ಹೇಳುತ್ತದೆ. ಬ್ಯಾಂಕ್ ಸಾಲ ತೀರಿದ್ದರೂ ನೋಂದಣಿ ಪತ್ರದಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ, ಫಾರಂ 35ರ ಮೂಲಕ ಅದನ್ನು ತೆಗೆಸಿದ ಮೇಲಷ್ಟೇ ಪೂರ್ತಿ ಹಣ ಕೊಡಿ.

ಪ್ರಶ್ನೆ: ಶಿವಮೊಗ್ಗದಲ್ಲಿ ವೈದ್ಯನಾಗಿದ್ದೇನೆ. ಬಿಎಂಡಬ್ಲ್ಯು 2 ಸೀರೀಸ್ ಗ್ರಾನ್ ಕೂಪೆ ಮತ್ತು ಟೊಯೊಟಾ ಕ್ಯಾಮ್ರಿ ಹೆಚ್ಚುಕಡಿಮೆ ಒಂದೇ ಬೆಲೆಗೆ ಬರುತ್ತಿವೆ. ತಿಂಗಳಿಗೆ ಎರಡು ಮೂರು ಬಾರಿ ಬೆಂಗಳೂರಿಗೆ ನಾನೇ ಓಡಿಸಿಕೊಂಡು ಹೋಗುತ್ತೇನೆ. ಮನೆಯಲ್ಲಿ ಇನ್ನೊಂದು ಎಸ್‌ಯುವಿ ಇದೆ. ಅಷ್ಟು ಹಣ ಕೊಟ್ಟು ಟೊಯೊಟಾ ಕೊಳ್ಳುವುದೇ ಎಂದು ಸ್ನೇಹಿತರು ನಗುತ್ತಾರೆ.

ಉತ್ತರ: ನಗುವ ಸ್ನೇಹಿತರನ್ನು ಒಮ್ಮೆ ಕ್ಯಾಮ್ರಿಯ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ತರೀಕೆರೆ, ಅರಸೀಕೆರೆ ಮಾರ್ಗವಾಗಿ ಬೆಂಗಳೂರಿಗೆ ಹೋಗಿಬನ್ನಿ. ನಮ್ಮದೇ ಬಿಡದಿಯಲ್ಲಿ ಜೋಡಣೆಯಾಗುವ ಈ ಕಾರು 2024ರ ಡಿಸೆಂಬರ್‌ನಲ್ಲಿ 48 ಲಕ್ಷಕ್ಕೆ ಬಂದಿತು; ಈಗಿನ ತಲೆಮಾರಿನ 2 ಸೀರೀಸ್ ಗ್ರಾನ್ ಕೂಪೆ 2025ರ ಜುಲೈನಲ್ಲಿ 46.9 ಲಕ್ಷಕ್ಕೆ ಬಂದಿತು. ಬೆಲೆ ಒಂದೇ ಮಟ್ಟದಲ್ಲಿದ್ದರೂ ಕಾರುಗಳ ಗಾತ್ರದಲ್ಲಿ ಬಹಳ ಅಂತರವಿದೆ. ಕ್ಯಾಮ್ರಿಯ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 2,825 ಮಿ.ಮೀ., ಬಿಎಂಡಬ್ಲ್ಯುವಿನಲ್ಲಿ 2,670 ಮಿ.ಮೀ. ಕ್ಯಾಮ್ರಿಯ 2.5 ಲೀಟರ್ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರ್ ಸೇರಿ (ಇದನ್ನೇ ಹೈಬ್ರಿಡ್ ಎನ್ನುತ್ತಾರೆ) 230 ಪಿಎಸ್ ಕೊಡುತ್ತವೆ. ಬಿಎಂಡಬ್ಲ್ಯುವಿನದು ಮೂರು ಸಿಲಿಂಡರಿನ 1.5 ಲೀಟರ್ ಎಂಜಿನ್, ಶಕ್ತಿ 156 ಪಿಎಸ್. ಹಿಂದಿನ ಗಾಲಿಗಳಿಂದ ಓಡುವುದು ಬಿಎಂಡಬ್ಲ್ಯು ಕಾರುಗಳ ಹೆಗ್ಗಳಿಕೆ ಎಂದು ಕೇಳಿದ್ದೀರಾದರೆ, ಈ ಮಾದರಿಯಲ್ಲಿ ಅದಿಲ್ಲ. ಇದು ಕ್ಯಾಮ್ರಿಯಂತೆಯೇ ಮುಂಗಾಲಿ ಚಾಲನೆಯದು.

ಹಾಗಾದರೆ ಬಿಎಂಡಬ್ಲ್ಯು ಏಕೆ? ಸ್ಟೀರಿಂಗ್ ಹಿಡಿದವರ ಸಂತೋಷಕ್ಕಾಗಿ, ಮತ್ತು ಗಾತ್ರಕ್ಕಾಗಿ. ಕ್ಯಾಮ್ರಿ 4.9 ಮೀಟರಿಗೂ ಹೆಚ್ಚು ಉದ್ದವಿದೆ. ಸಂಜೆ ಹೊತ್ತು ಗಾಂಧಿ ಬಜಾರಿನ ಆಸುಪಾಸಿನಲ್ಲಿ ಅದನ್ನು ನಿಲ್ಲಿಸಲು ಜಾಗ ಹುಡುಕುವುದು ಸಣ್ಣ ಕೆಲಸವಲ್ಲ. ನೀವು ಹೆಚ್ಚಾಗಿ ಒಬ್ಬರೇ ಓಡಾಡುವವರಾಗಿದ್ದು, ಬೆಂಗಳೂರಿಗೆ ಹೇಗೂ ಹೋಗುವುದರಿಂದ ಸರ್ವೀಸನ್ನು ಅಲ್ಲಿಯೇ ಮಾಡಿಸಬಲ್ಲಿರಿ. ತೀರ್ಥಹಳ್ಳಿಯವರಿಗೆ ನಾನು ಹೇಳಿದ ತೊಡಕು ನಿಮಗೆ ಅಷ್ಟಾಗಿ ಅನ್ವಯಿಸುವುದಿಲ್ಲ, ಮನೆಯ ಎಸ್‌ಯುವಿ ಕೆಟ್ಟ ರಸ್ತೆಗಳನ್ನು ನೋಡಿಕೊಳ್ಳುತ್ತದೆ. ಆದರೂ ನನ್ನನ್ನು ಕೇಳಿದರೆ ಕ್ಯಾಮ್ರಿಯೇ. ದೀರ್ಘ ಪ್ರಯಾಣದ ಆಯಾಸ ಅದರಲ್ಲಿ ಕಡಿಮೆ. ಇಂಧನದ ಮಿತವ್ಯಯ ಈ ಗಾತ್ರದ ಪೆಟ್ರೋಲ್ ಕಾರಿಗೆ ಅಪರೂಪದ್ದು. ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿ ಇದೆ. ಇನ್ನೋವಾ ರಿಪೇರಿ ಮಾಡುವ ಮೆಕ್ಯಾನಿಕ್ ಎಷ್ಟೇ ನುರಿತವರಾದರೂ, ಹೈಬ್ರಿಡ್ ಭಾಗಕ್ಕೆ ಮಾತ್ರ ಅಧಿಕೃತ ಕೇಂದ್ರದವರಲ್ಲದೆ ಬೇರೆಯವರ ಕೈ ಹಾಕಿಸಬೇಡಿ.

ಪ್ರಶ್ನೆ: ಸಾಗರದಲ್ಲಿದ್ದೇನೆ. 2021ರ 2 ಸೀರೀಸ್ ಗ್ರಾನ್ ಕೂಪೆ ಕೊಂಡೆ. ಸ್ಟೆಪ್ನಿಯೇ ಇಲ್ಲ. ರನ್‌ಫ್ಲ್ಯಾಟ್ ಟೈರ್ ತೆಗೆಸಿ ಸಾಮಾನ್ಯ ಟೈರ್ ಹಾಕಿಸಬಹುದೇ?

ಉತ್ತರ: ಗಾಳಿ ಹೋದರೂ ಗಂಟೆಗೆ 80 ಕಿಲೋಮೀಟರ್ ಮೀರದ ವೇಗದಲ್ಲಿ ಸುಮಾರು 80 ಕಿಲೋಮೀಟರ್ ಓಡುವಂತೆ ಆ ಟೈರುಗಳ ಪಕ್ಕದ ಗೋಡೆಯನ್ನು ಗಟ್ಟಿಯಾಗಿ ಮಾಡಿರುತ್ತಾರೆ. ಸಾಗರದಿಂದ ಶಿವಮೊಗ್ಗ ತಲುಪಲು ಇದು ಸಾಕು. ಸಾಮಾನ್ಯ ಟೈರ್ ಹಾಕಿಸಿದರೆ ಕುಲುಕಾಟ ಕಡಿಮೆಯಾಗುತ್ತದೆ, ಆದರೆ ಪಂಕ್ಚರ್ ಆದಾಗ ಸ್ಟೆಪ್ನಿಯೂ ಇಲ್ಲದೆ ನಡುದಾರಿಯಲ್ಲಿ ನಿಲ್ಲಬೇಕಾಗುತ್ತದೆ. ಹಾಕಿಸುವುದಾದರೆ ನಾಲ್ಕನ್ನೂ ಒಟ್ಟಿಗೇ ಬದಲಿಸಿ; ಒಂದೇ ಆಕ್ಸಲ್‌ನಲ್ಲಿ ಎರಡು ಜಾತಿಯ ಟೈರುಗಳನ್ನು ಬೆರೆಸುವುದು ಅಪಾಯಕರ. ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಮತ್ತು ಪಂಕ್ಚರ್ ಕಿಟ್ ಡಿಕ್ಕಿಯಲ್ಲಿರಲಿ. ಆ ಅಳತೆಯ ಟೈರ್ ಸಾಗರದ ಅಂಗಡಿಗಳಲ್ಲಿ ಕೂಡಲೇ ಸಿಗುವ ಭರವಸೆ ಇಲ್ಲದ್ದರಿಂದ, ಮಳೆಗಾಲಕ್ಕೆ ಮೊದಲೇ ಟೈರಿನ ಗೀರಿನ ಆಳ ನೋಡಿಸಿ, ಬೇಕಿದ್ದರೆ ಮೇ ತಿಂಗಳೊಳಗೆ ತರಿಸಿಟ್ಟುಕೊಳ್ಳಿ.