ಸುಂಕ ಐದೇ ಆದರೂ ಬಟ್ಟೆಯನ್ನು ತೂಗಿಯೇ ನೋಡು

ತಮ್ಮಾ, ದುಬೈಯ ದೇರಾದ ಜವಳಿ ಆಮದು ಕಚೇರಿಯಲ್ಲಿ, ಸರಕನ್ನು ಕಸ್ಟಮ್ಸಿನಿಂದ ಬಿಡಿಸುವ ಕ್ಲಿಯರಿಂಗ್ ಕೆಲಸ ಸಿಕ್ಕಿತು ಎಂದು ಬರೆದಿದ್ದೀ, ಸಂತೋಷ. ಬದಿಯಡ್ಕದಿಂದ ಹೊರಡುವ ಮೊದಲು ರೂಮು, ಊಟ, ಭಾಷೆ ಎಲ್ಲ ಕೇಳಿ, ಕೊನೆಗೆ ಒಂದು ಸಾಲು ಸೇರಿಸಿದ್ದೀ: "ದುಬೈಯಲ್ಲಿ ಯಾವ ಬಟ್ಟೆಗಾದರೂ ಸುಂಕ ಐದು ಪರ್ಸೆಂಟೇ ಅಂತೆ. ಹಾಗಾದರೆ ಎಚ್‌ಎಸ್ ಕೋಡಿಗೆ ಇಷ್ಟು ತಲೆಬಿಸಿ ಯಾಕೆ?"

ರೂಮಿನ ವಿಷಯ ಬಂದ ಮೇಲೆ ನೋಡಿದರಾಯಿತು, ಊರವರು ಯಾರಾದರೂ ತೋರಿಸುತ್ತಾರೆ. ಕುಚ್ಚಲಕ್ಕಿ ಧಾರಾಳ ಸಿಗುತ್ತದೆ. ಭಾಷೆಯ ಚಿಂತೆ ನಮಗೆ ಬೇಡ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಎಂದು ಬೆಳೆದವರು ನಾವು. ಇಲ್ಲಿಯ ಅರ್ಧ ಆಫೀಸುಗಳಲ್ಲಿ ಮಲಯಾಳವೇ ನಡೆಯುತ್ತದೆ. ಹಿಂದಿ ಸ್ವಲ್ಪ ಸರಿಮಾಡಿಕೋ. ಊರಿನ ಭೂತದ ನೇಮಕ್ಕೆ ರಜೆ ಬೇಕೆಂದು ಮೊದಲ ವರ್ಷವೇ ಕೇಳಬೇಡ, ಮನೆಯವರಿಗೂ ಈಗಲೇ ಹೇಳಿಬಿಡು.

ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸಿನಲ್ಲಿ ಪ್ರತಿ ಬಗೆಯ ಸರಕಿಗೆ ಇಟ್ಟ ಸಂಖ್ಯೆ, ಅದರ ಬಗ್ಗೆ ಮಾತ್ರ ಉದ್ದಕ್ಕೆ ಬರೆಯುತ್ತೇನೆ. ನಾನು ಬಂದ ಹೊಸತರಲ್ಲಿ ಇದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ.

ಐದು ಪರ್ಸೆಂಟ್ ಎನ್ನುವುದು 2003ರಲ್ಲಿ ಗಲ್ಫ್ ದೇಶಗಳು ಒಟ್ಟಾಗಿ ತಂದ ದರ, ಹೆಚ್ಚಿನ ಸರಕಿಗೆ ಅದೇ. 2022ರ ಮೇ 1ರಿಂದ ಭಾರತ–ಯುಎಇ ಒಪ್ಪಂದ ಜಾರಿಗೆ ಬಂದು, ನಮ್ಮ ದೇಶದ ಜವಳಿಗೆ ಆ ಐದೂ ಸೊನ್ನೆಯಾಗುವ ದಾರಿ ತೆರೆಯಿತು. ಆದರೆ ಅದಕ್ಕೆ ಸರಕು ಯಾವ ದೇಶದ್ದೆಂದು ತೋರಿಸುವ ಮೂಲ ಪ್ರಮಾಣಪತ್ರ ಬೇಕು, ಅದರಲ್ಲಿ ಎಚ್‌ಎಸ್ ಕೋಡ್ ಇರುತ್ತದೆ. ಪತ್ರದಲ್ಲಿ ಒಂದು ಕೋಡ್, ಮೂಟೆಯಲ್ಲಿ ಬೇರೆ ಬಟ್ಟೆ ಎಂದಾದರೆ ಅಲ್ಲಿಗೆ ಮುಗಿಯಿತು. ಮತ್ತೆ, ಇಲ್ಲಿಯ ಜೆಬೆಲ್ ಅಲಿ ಬಂದರಿಗೆ ಬಂದದ್ದೆಲ್ಲ ಇಲ್ಲೇ ಉಳಿಯುವುದಿಲ್ಲ. ಅಮೆರಿಕದಲ್ಲಿ 5513.11 ಕೋಡಿನ ತೆಳು ಪಾಲಿಯೆಸ್ಟರ್–ಹತ್ತಿ ಬಟ್ಟೆಗೆ ಸಾಮಾನ್ಯ ಸುಂಕವೇ 14.9 ಪರ್ಸೆಂಟ್. ಮುಂದಿನ ಬಂದರಿನಲ್ಲಿ ಲೆಕ್ಕ ಬೇರೆಯೇ.

ತೆಳು ಹತ್ತಿ ಬಟ್ಟೆಗೆ ಮೊದಲು ಕೇಳಬೇಕಾದದ್ದು ಎರಡೇ: ಹತ್ತಿ ಎಷ್ಟು, ತೂಕ ಎಷ್ಟು. ತೂಕದಲ್ಲಿ ಹತ್ತಿ 85 ಪರ್ಸೆಂಟ್ ಅಥವಾ ಹೆಚ್ಚು, ಚದರ ಮೀಟರಿಗೆ 200 ಗ್ರಾಂ ಮೀರದಿದ್ದರೆ 5208. ಹತ್ತಿಯೇ ಹೆಚ್ಚು ಆದರೆ 85ಕ್ಕಿಂತ ಕಡಿಮೆ, ಉಳಿದದ್ದು ಮುಖ್ಯವಾಗಿ ಪಾಲಿಯೆಸ್ಟರಿನಂಥ ಕೃತಕ ನಾರು ಎಂದಾದರೆ, ಅದೇ ತೂಕದೊಳಗೆ 5210. ಪಾಲಿಯೆಸ್ಟರಿನ ಸ್ಟೇಪಲ್ (ಗಿಡ್ಡಕ್ಕೆ ಕತ್ತರಿಸಿದ) ನಾರೇ ಮುಂದಾಗಿ, ಆದರೆ ಅದೂ 85ಕ್ಕಿಂತ ಕಡಿಮೆಯಾಗಿ, ಹತ್ತಿ ಹಿಂದಾದರೆ 55ನೇ ಅಧ್ಯಾಯಕ್ಕೆ ಹೋಗುತ್ತದೆ. ಅಲ್ಲಿಯ ಗಡಿ 200 ಅಲ್ಲ, 170. ಅದರೊಳಗೆ 5513, ದಾಟಿದರೆ 5514. ಸರಿಸಮ 50–50 ಆದರೆ ಸಂಖ್ಯೆಯಲ್ಲಿ ಕೊನೆಗೆ ಬರುವ ಶೀರ್ಷಿಕೆ (ಈ ನಾಲ್ಕಂಕಿಯ ಕೋಡು), ಅಂದರೆ 55ರ ಕಡೆಯೇ.

ಈಗ ನನಗೆ ತಟ್ಟಿದ ಸಂಗತಿ ಕೇಳು. ಒಂದು ಮಿಲ್ಲಿನ ಇನ್‌ವಾಯ್ಸಿನಲ್ಲಿ "ಕಾಟನ್ ಮಿಕ್ಸ್ 60/40, 180 ಜಿಎಸ್‌ಎಂ" ಎಂದಷ್ಟೇ ಇತ್ತು (ಜಿಎಸ್‌ಎಂ ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಎಂಬುದು). ಯಾವುದು 60, ಯಾವುದು 40 ಎಂದು ಇರಲಿಲ್ಲ. ಕೇಳಿ ಬರೆಸೋಣ ಎಂದೆ. ಸಮಯವಿಲ್ಲ, 5210 ಹಾಕು ಎಂದರು ಆಗಿನ ಮಾಲೀಕರು. ಕಸ್ಟಮ್ಸಿನವರು ಮಾದರಿ ತೆಗೆದು ಲ್ಯಾಬಿಗೆ ಕಳಿಸಿದರು. ಅಲ್ಲಿ 75 ಪರ್ಸೆಂಟ್ ಗಂಧಕಾಮ್ಲದಲ್ಲಿ ಹತ್ತಿಯನ್ನು ಕರಗಿಸಿ, ಉಳಿದ ಪಾಲಿಯೆಸ್ಟರನ್ನು ತೂಗುತ್ತಾರೆ. ಉಳಿದದ್ದೇ 60! 180 ಗ್ರಾಂ ಇದ್ದುದರಿಂದ ಅದು 5513 ಕೂಡ ಅಲ್ಲ, 5514. ಉತ್ತರ ಬರುವವರೆಗೆ ಕಂಟೇನರ್ ಅಲ್ಲೇ, ಬಾಡಿಗೆ ಏರುತ್ತಲೇ ಇತ್ತು. ಪೆರುನಾಳಿಗೆ, ಅಂದರೆ ಈದ್ ಹಬ್ಬಕ್ಕೆ, ಆ ಬಟ್ಟೆ ನಂಬಿ ಕೂತದ್ದು ಉಪ್ಪಳದ ಕಡೆಯ ಒಬ್ಬ ಸಣ್ಣ ಅಂಗಡಿಯವರು. ಹಬ್ಬ ಕಳೆದ ಮೇಲೆ ಮಾಲು ಬಂತು. ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ. ಮರುವರ್ಷ ಅಂಗಡಿ ಬಿಟ್ಟು ಊರಿಗೆ ಹೋದರು. ಅವರ ಮುಖ ನೆನಪಾದರೆ ಇವತ್ತಿಗೂ ಹೊಟ್ಟೆ ಚುರುಕ್ ಎನ್ನುತ್ತದೆ.

ಹಾಗಾಗಿ ಕಾಗದವನ್ನು ನಂಬಬೇಡ, ಬಟ್ಟೆಯನ್ನು ಕೇಳು. ಆಫೀಸಿನಲ್ಲಿ ಜಿಎಸ್‌ಎಂ ಕಟ್ಟರ್ ಇಲ್ಲದಿದ್ದರೆ ತರಿಸಲು ಹೇಳು. ಅದು 100 ಚದರ ಸೆಂಟಿಮೀಟರಿನ ದುಂಡು ತುಂಡು ಕತ್ತರಿಸುತ್ತದೆ. ತಕ್ಕಡಿಯಲ್ಲಿ 1.42 ಗ್ರಾಂ ತೋರಿಸಿದರೆ ಚದರ ಮೀಟರಿಗೆ 142. ಬಿಳುಪು, ಬಣ್ಣ ಮಾಡದ ಕೋರಾ ಬಟ್ಟೆಯಲ್ಲಿ ಗಂಜಿ ಇರುತ್ತದೆ, ತೂಕ ಗಡಿಯ ಹತ್ತಿರ ಬಂದರೆ ಅದನ್ನು ನೆನಪಿಡು. ಎಳೆ ಕಿತ್ತು ಬೆಂಕಿ ಹಿಡಿದು ನೋಡು: ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕುಗ್ಗಿ ಕರಗಿ ಗಟ್ಟಿ ಕಪ್ಪು ಮಣಿಯಾಗುತ್ತದೆ. ಎರಡೂ ಕಂಡರೆ ಮಿಶ್ರಣ. ಎಷ್ಟು ಪಾಲು ಎಂಬುದು ಬೆಂಕಿಯಿಂದ ತಿಳಿಯದು, ಅದಕ್ಕೆ ಲ್ಯಾಬ್ ವರದಿಯೇ ಬೇಕು.

ಚೌಕುಳಿ ಬಟ್ಟೆ ಬಂದರೆ ನೂಲಿಗೆ ಬಣ್ಣ ಹಾಕಿ ನೆಯ್ದದ್ದೋ, ಮೇಲೆ ಅಚ್ಚೊತ್ತಿದ್ದೋ ನೋಡಬೇಕು, ಉಪಶೀರ್ಷಿಕೆ ಬೇರೆ. ಒಂದು ಎಳೆ ಎಳೆದು ನೋಡು, ಬಣ್ಣ ಉದ್ದಕ್ಕೂ ಒಂದೇ ಇದ್ದರೆ ನೂಲಿನದ್ದು, ತುಂಡು ತುಂಡಾಗಿದ್ದರೆ ಅಚ್ಚಿನದ್ದು. ಊರಲ್ಲಿರುವಾಗಲೇ ವಿದ್ಯಾನಗರದ ನೇಕಾರರ ಸಂಘಕ್ಕೆ ಒಮ್ಮೆ ಹೋಗಿ ಬಾ. ಕಾಸರಗೋಡು ಸೀರೆಗೆ ಜಿಐ (ಇಂಥ ಊರಿನದ್ದೇ ಎಂಬ ಭೌಗೋಳಿಕ ಗುರುತು) ಮಾನ್ಯತೆ ಉಂಟು, ಅಪ್ಪಟ ಹತ್ತಿ. ಆ ಮಗ್ಗದೆದುರು ಒಂದು ಗಂಟೆ ನಿಂತು ಹಾಸು, ಹೊಕ್ಕು ನೋಡಿಕೊಂಡರೆ ಇಲ್ಲಿ ಯಾವ ತರಬೇತಿಯಲ್ಲೂ ಸಿಗದ್ದು ಕೈಗೆ ಬರುತ್ತದೆ. ನನಗೆ ಊರಿನ ಆ ಬಟ್ಟೆ ಮುಟ್ಟಿದಷ್ಟು ಹಿತ ಇಲ್ಲಿಯ ಯಾವ ಗೋದಾಮಿನಲ್ಲೂ ಸಿಕ್ಕಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಮಿಲ್ಲಿಗೆ ಕಳಿಸುವ ಮೊದಲ ಇ-ಮೇಲಿನಲ್ಲೇ ನಾರಿನ ಪಾಲು ಹೆಸರು ಸಮೇತ, ಜಿಎಸ್‌ಎಂ, ನೇಯ್ಗೆ, ಬಣ್ಣದ ವಿವರ ಬರೆದು ಕೊಡಿ ಎಂದು ಕೇಳು. ಪ್ರತಿ ಕನ್‌ಸೈನ್‌ಮೆಂಟಿನ ಒಂದು ತುಂಡನ್ನು ಫೈಲಿಗೆ ಪಿನ್ ಮಾಡಿಡು. ಸಂಶಯ ಬಂದರೆ ಭಾನುವಾರ ಬೆಳಿಗ್ಗೆ ಫೋನ್ ಮಾಡು, ತುಂಡು ತಗೊಂಡು ಮನೆಗೇ ಬಂದುಬಿಡು.