ಅವರ ಫೋನ್ ಬರ್ಲಿಲ್ಲ ಅಂದ್ರೆ ಕೈಕಾಲೇ ಆಡುದಿಲ್ಲ

ಪ್ರಶ್ನೆ: ಅಕ್ಕಾ, ನಮ್ಮವರು ಮಿಲಿಟ್ರಿಯಲ್ಲಿ, ಜಮ್ಮು ಕಡೆ. 2025ರ ಮೇ ತಿಂಗಳ ಗಲಾಟೆ ಆದಮೇಲೆ ಫೋನ್ ಒಂದು ದಿನ ತಡ ಆದ್ರೂ ಎದೆ ಡವಡವ. ಅತ್ತೆ ಬೆಳಗ್ಗಿಂದ ನ್ಯೂಸ್ ಹಾಕಿ ಕೂತಿರ್ತಾರೆ. ಕಾಗದದ ಕಾಲದ ಹೆಂಗಸರು ಹೇಗೆ ತಡ್ಕೊಂಡ್ರು?
– ಓದುಗರು, ಬದಿಯಡ್ಕ

ಉತ್ತರ: ತಡ್ಕೊಳ್ಳದೆ ಎಂತ ಮಾಡುದು ಮಾರಾಯ್ತಿ! 1971ರ ಯುದ್ಧ ಡಿಸೆಂಬರ್ 3ಕ್ಕೆ ಶುರುವಾಗಿ 16ಕ್ಕೆ ಮುಗೀತು, ಆದ್ರೆ ಮನೆಯವರಿಗೆ ಅದು ಮುಗಿಯುದು ಕಾಗದ ಕೈಗೆ ಬಂದಮೇಲೆಯೇ. ವಿಳಾಸ ಅಂದ್ರೆ ನಂಬರು, ಹೆಸರು, ಯೂನಿಟ್ಟು, ಕೆಳಗೆ 56 ಎಪಿಒ ಇಲ್ಲಾ 99 ಎಪಿಒ (ಎಪಿಒ ಅಂದ್ರೆ ಮಿಲಿಟ್ರಿಯ ಪೋಸ್ಟಾಫೀಸು), ಅಷ್ಟೇ, ಗಂಡ ಯಾವ ಊರಲ್ಲಿದ್ದಾನೆ ಅಂತ ಹೆಂಡತಿಗೂ ಅದರಿಂದ ಗೊತ್ತಾಗ್ಲಿಕ್ಕಿಲ್ಲ, ಬೇಕಂತಲೇ ಮಾಡಿದ ವ್ಯವಸ್ಥೆ ಅದು. ಅಂಥ ವಿಳಾಸಕ್ಕೆ ಇನ್‌ಲ್ಯಾಂಡ್ ಕಾಗದದ ಮಡಚುವ ಪಟ್ಟಿಯಲ್ಲೂ ಜಾಗ ಬಿಡದೆ ಬರೀತಿದ್ರು: ದನ ಕರು ಹಾಕಿದ್ದು, ಅಡಿಕೆ ರೇಟು, ಮಗುವಿಗೆ ಹಲ್ಲು ಬಂದದ್ದು.

ನೀವೂ ಅದನ್ನೇ ವಾಟ್ಸಾಪಲ್ಲಿ ವಾಯ್ಸ್ ಮಾಡಿ ಬಿಡಿ, ನೆಟ್‌ವರ್ಕ್ ಸಿಕ್ಕಿದಾಗ ಕೇಳ್ತಾರೆ. ಅವರಿರುವ ಜಾಗ, ಯೂನಿಟ್ಟಿನ ಸುದ್ದಿ ಮಾತ್ರ ಫ್ಯಾಮಿಲಿ ಗ್ರೂಪಲ್ಲೂ ಹಾಕ್ಬೇಡಿ. ಟಿವಿ ಬಂದ್ ಮಾಡಿ ಅಂದ್ರೆ ಅತ್ತೆ ಕೇಳ್ಲಿಕ್ಕಿಲ್ಲ, ಹಲಸಿನ ಸೊಳೆ ಬಿಡಿಸ್ಲಿಕ್ಕೆ ಅಂಗಳಕ್ಕೆ ಕರೀರಿ, ಅವರಿಗೂ ಮಗನ ಹೆದರಿಕೆಯೇ ಅಲ್ವಾ, ಹಪ್ಪಳ ಆದ್ರೆ ಲಾಭ. ಕಾಸರಗೋಡಿನ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ನಂಬರು ಕ್ಯಾಲೆಂಡರಲ್ಲಿ ಬರೆದಿಡಿ. ನಿದ್ದೆಯೇ ಬರುದಿಲ್ಲ ಅಂತಾದ್ರೆ ಡಾಕ್ಟ್ರಿಗೆ ಹೇಳಿ, ನಾಚಿಕೆ ಎಂತದ್ದೂ ಬೇಡ.